ಮೂರನೇ ಹಾಳೆಯ ಮಾಸ್ತರ

ಇಡೀ ರಗಳೆಗೆ ಕಾರಣವಾದದ್ದು ಶ್ರೀಶೈಲಪ್ಪನವರ ಮೊಳಕೈ.

ಎರಡು ಸಾವಿರದ ಐದನೇ ಇಸವಿ, ಮೇ ತಿಂಗಳ ಇಪ್ಪತ್ತನೇ ತಾರೀಖು. ಮುದ್ದೇಬಿಹಾಳದ ಕಲ್ಮೇಶ ಮಾಸ್ತರ ತನ್ನ ಕೋಚಿಂಗ್ ಕ್ಲಾಸಿಗೆ ವೆಬ್‌ಸೈಟು ಮಾಡಿಸಿ ಆಗ ಸರಿಯಾಗಿ ಒಂದು ದಿನವಾಗಿತ್ತು. ವೆಬ್‌ಸೈಟು ಅಂದರೇನು ಎಂದು ಊರಿನಲ್ಲಿ ತಿಳಿದಿದ್ದವನು ಬಸ್‌ಸ್ಟ್ಯಾಂಡಿನ ಹಿಂದೆ ಸೈಬರ್ ಇಟ್ಟಿದ್ದ ಮೈಬೂಬ ಒಬ್ಬನೇ. ಅವನಿಗೂ ಅರ್ಧವೇ ತಿಳಿದಿತ್ತು. ಆದರೆ ಮೈಬೂಬ ಹತ್ತು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವನು. ತಿಳಿಯದ ಇನ್ನರ್ಧವನ್ನು ಲಗ್ನಪತ್ರಿಕೆಯ ಅನುಭವದಿಂದ ತುಂಬಿಕೊಂಡು ಧೈರ್ಯವಾಗಿ ಕೆಲಸ ಮುಗಿಸಿದ್ದ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಮೇಲೆ ಕ್ಲಾಸಿನ ಹೆಸರು. ಅದರ ಕೆಳಗೆ ಕಲ್ಮೇಶನ ಹೆಸರು, ಬಿ.ಎಸ್ಸಿ., ಬಿ.ಎಡ್. ನವೋದಯ, ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಲಾಗುವುದು ಎಂಬ ಮಾತು, ಫೋನ್ ನಂಬರು. ಕೊನೆಗೆ ಒಂದು ಫೋಟೋ. ಹೋದ ವರ್ಷ ನಿಷತ ಎಂಬ ಹುಡುಗಿ ಪಾಸಾದಾಗ ಕ್ಲಾಸಿನ ಬಾಗಿಲಲ್ಲಿ ತೆಗೆಸಿದ್ದು. ನಡುವೆ ಕಲ್ಮೇಶ ಮತ್ತು ಮಕ್ಕಳು, ಬಲಕ್ಕೆ ಎದುರುಮನೆಯ ಖಾನಾವಳಿ ಗುರವ್ವ, ಎಡಕ್ಕೆ ಪಕ್ಕದ ಟೇಲರ್ ಕಾಸಿಂಸಾಬ. ಕಾಸಿಂಸಾಬನ ಪಕ್ಕದಲ್ಲಿ ಒಂದು ಮೊಳಕೈ. ಅದರ ಮುಂದೆ ಫೋಟೋ ಮುಗಿಯುತ್ತಿತ್ತು.

ಕಲ್ಮೇಶ ಆ ಮೊಳಕೈಯನ್ನು ಗಮನಿಸಿರಲೇ ಇಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ ಸಂಖ್ಯೆ, ಹದಿನೈದು. ಬಸ್‌ಸ್ಟ್ಯಾಂಡಿನ ಕಡೆ ದೊಡ್ಡ ಬೋರ್ಡಿನ ಎರಡು ಹೊಸ ಕ್ಲಾಸುಗಳು ಬಂದಮೇಲೆ ಅವನ ಹತ್ತಿರ ಉಳಿದದ್ದು ಆರೇ ಮಕ್ಕಳು. ಬಸವನ ಬಾಗೇವಾಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮಾವ ಮಾಳಿಂಗಪ್ಪ ಯುಗಾದಿಗೆ ಬಂದಾಗ ಖಡಾಖಂಡಿತ ಹೇಳಿಹೋಗಿದ್ದರು. ಜೂನ್ ಒಂದಕ್ಕೆ ಹದಿನೈದು ಮಕ್ಕಳಾದರೆ ಸರಿ. ಆಗದಿದ್ದರೆ ಅಳಿಯ ಕ್ಲಾಸು ಮುಚ್ಚಿ ಬಾಗೇವಾಡಿಗೆ ಬಂದು ಅಂಗಡಿಯಲ್ಲಿ ಕೂತುಕೊಳ್ಳತಕ್ಕದ್ದು. ಕಲ್ಮೇಶನಿಗೆ ಬೆಲ್ಲ, ಹುಣಸೆಹಣ್ಣಿನ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಲೆಕ್ಕ ಬಿಡಿಸಿದ ಮಗುವಿನ ಮುಖ ಅರಳುವುದನ್ನು ನೋಡದೆ ದಿನ ಕಳೆಯುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಸುನಂದಾ ಫೋನಿನ ಹತ್ತಿರ ನಗುತ್ತ ನಿಂತಿದ್ದಳು.

"ಇಂಡಿಯಿಂದ ಫೋನ ಬಂದಿತ್ರಿ. ಭೀಮಶ್ಯಾ ಅಂತ, ಲಿಂಬಿಹಣ್ಣಿನ ವ್ಯಾಪಾರ ಮಾಡ್ತಾರಂತ. ನಿನ್ನೆ ಸಂಜೀಕ ಮಗಳ ರಿಜಲ್ಟ್ ನೋಡಾಕ ಕಂಪ್ಯೂಟರ್ ಅಂಗಡಿಗೆ ಹೋಗಿದ್ರಂತ. ಅಲ್ಲಿ ರಿಜಲ್ಟಿಗಿಂತ ಮೊದ್ಲ ನಮ್ಮ ಕ್ಲಾಸ ಬಂತಂತ."

ಇದು ಮೈಬೂಬನ ಕರಾಮತ್ತು. ಇಂಡಿ ಊರಲ್ಲಿ ಸೈಬರ್ ಇಟ್ಟಿದ್ದ ಅಫ್ತಾಬ ಅವನ ಹೆಂಡತಿಯ ತಮ್ಮ. ಅಲ್ಲಿಯ ನಾಲ್ಕೂ ಕಂಪ್ಯೂಟರ್ ತೆರೆದೊಡನೆ ಕಲ್ಮೇಶನ ಕ್ಲಾಸೇ ಕಾಣಿಸುವಂತೆ ಭಾವ ಮೈದುನರು ಏರ್ಪಾಡು ಮಾಡಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಬಂದವರೆಲ್ಲ ಮೊದಲು ಇದನ್ನು ದಾಟಿಯೇ ಮುಂದೆ ಹೋಗಬೇಕಾಗಿತ್ತು.

"ಮುಂದ ಹೇಳು," ಎಂದ ಕಲ್ಮೇಶ, ಟವೆಲ್ ಹಿಡಿದುಕೊಂಡೇ.

"ಅಣ್ತಮ್ಮಂದಿರ ಮಕ್ಕಳು, ಅಕ್ಕತಂಗೇರ ಮಕ್ಕಳು ಕೂಡಿ ಒಂಬತ್ತ ಮಂದಿ ಅದಾರಂತ. ಇವತ್ತ ಸಂಜಿ ನಾಕಕ್ಕ ಎಲ್ಲಾರ್ನೂ ಕರ್ಕೊಂಡ ಬರ್ತಾರ. ಅವರ ತಾಯಿನೂ ಬರ್ತಾರಂತ. ತಾಯಿ ಹೂಂ ಅಂದ್ರ ಮುಗೀತು ಅಂದ್ರು. ನಾ ನೋಡಿದ್ದು ಗಡಬಡ್ಯಾಗ, ಹೊರಡೂ ಮುಂದ ಹಾಳಿ ಮ್ಯಾಲ ತಗಿಸ್ಕೊಂಡ ಬರ್ತೇನಿ, ತಾಯಿಗೆ ಓದಿ ಹೇಳಬೇಕು ಅಂದ್ರು."

ಗಣಿತದ ಮಾಸ್ತರನಾದರೂ ಕಲ್ಮೇಶ ಆರಕ್ಕೆ ಒಂಬತ್ತನ್ನು ಬೆರಳು ಮಡಚಿಯೇ ಕೂಡಿಸಿದ. ಎರಡು ಸಲ ಕೂಡಿಸಿದರೂ ಹದಿನೈದೇ ಬಂತು.

ಆ ಸಂತೋಷ ಒಂದು ಕಪ್ ಚಹಾ ಮುಗಿಯುವವರೆಗೆ ಇತ್ತು. ಆಮೇಲೆ ಶ್ರೀಶೈಲಪ್ಪನವರು ಬಂದರು.

ಕ್ಲಾಸಿನ ಕೋಣೆ ಶ್ರೀಶೈಲಪ್ಪನವರದು. ನಲವತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ರೈತರ ಕಾಳು ಮಾರಿಸುವ ಅಡತಿ ಅಂಗಡಿ ನಡೆಸಿ, ಈಗ ಅದನ್ನು ಮಕ್ಕಳ ಕೈಗೆ ಕೊಟ್ಟು ಮನೆಯಲ್ಲಿದ್ದರು. ಬಿಳಿ ಮೀಸೆ, ಗುಲಾಬಿ ರುಮಾಲು, ಎತ್ತರದ ಆಳು. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಓಣಿಯ ಎಲ್ಲ ಕೆಲಸವೂ ಅವರದೇ ಆಗಿತ್ತು.

"ಕಲ್ಮೇಶಾ, ಆ ಖೋಲಿ ಯಾರದು?" ಎಂದರು, ಕಟ್ಟೆಯ ಮೇಲೆ ಕೂರದೆ.

"ನಿಮ್ಮದರಿ ಸಾವ್ಕಾರ್ರ."

"ಆ ಮೊಳಕೈ ಯಾರದು?"

ಕಲ್ಮೇಶನಿಗೆ ಅರ್ಥವಾಗಲಿಲ್ಲ. ಶ್ರೀಶೈಲಪ್ಪನವರು ತಮ್ಮ ಕೈಯನ್ನು ಮಡಚಿ ಅವನ ಮೂಗಿನ ಮುಂದೆ ಹಿಡಿದರು. "ರಾತ್ರಿ ಮೈಬೂಬನ ಅಂಗಡ್ಯಾಗ ನೋಡಿ ಬಂದೇನಿ. ಟೇಲರ್ ಕಾಸಿಂಸಾಬ ಹಲ್ಲ ಕಿಸ್ಕೊಂಡ ನಿಂತಾನ. ಗುರವ್ವ ಸೆರಗ ಸರಿ ಮಾಡ್ಕೊಂಡ ನಿಂತಾಳ. ಖೋಲಿ ಕೊಟ್ಟ ಮಾಲಕನ ಮಾರಿ ಇಲ್ಲ, ಮೊಳಕೈ ಅಷ್ಟ ಐತಿ. ಅದನ್ನ ಇಡೀ ಜಗತ್ತ ನೋಡ್ತೈತಂತ. ಅಂದ್ರ ಜಗತ್ತಿಗೆ ನಾ ಬರೇ ಮೊಳಕೈ ಆದೆ."

"ಫೋಟೋ ತಗದಾಂವ ಹಂಗ ತಗದಾನ್ರಿ, ನನ್ನ ತಪ್ಪಲ್ಲರಿ."

"ಯಾರ ತಪ್ಪಂತ ನಾ ಕೇಳಾಕತ್ತಿಲ್ಲ. ನನ್ನ ಮಾರಿ ಅದರಾಗ ಬಂದ ಮ್ಯಾಲ ಖೋಲಿ ಕೀಲಿ ತಗೀತೇನಿ."

ಅವರು ಆಗಲೇ ಕೋಣೆಗೆ ಬೀಗ ಜಡಿದು ಬಂದಿದ್ದರು. ಹಿತ್ತಾಳೆಯ ದೊಡ್ಡ ಬೀಗ, ಅಡತಿ ಅಂಗಡಿಯ ಗೋದಾಮಿಗೆ ಹಾಕುತ್ತಿದ್ದದ್ದು. ಸಂಜೆ ನಾಲ್ಕಕ್ಕೆ ಒಂಬತ್ತು ಮಕ್ಕಳು ಬಂದು ಆ ಬೀಗದ ಮುಂದೆ ನಿಲ್ಲುವುದನ್ನು ಕಲ್ಮೇಶ ಕಣ್ಣ ಮುಂದೆ ಕಂಡ. ಕೂಡಲೇ ಅಂಗಿ ತೊಟ್ಟು, "ಒಂದ ಫೋಟೋ ಕೊಡ್ರಿ, ಈಗ ಹಾಕಿಸ್ಕೊಂಡ ಬರ್ತೇನಿ," ಎಂದ.

ಶ್ರೀಶೈಲಪ್ಪನವರು ಸಣ್ಣ ಫೋಟೋ ಕೊಡಲು ಒಪ್ಪಲಿಲ್ಲ. ಸಣ್ಣದರಲ್ಲಿ ತಮ್ಮ ಮೀಸೆ ಸರಿಯಾಗಿ ಕಾಣುವುದಿಲ್ಲ ಎಂದು ಪಡಸಾಲೆಯ ಗೋಡೆಯ ಮೇಲಿನ ಎರಡು ಫೂಟಿನ, ಕಟ್ಟು ಹಾಕಿಸಿದ ಫೋಟೋವನ್ನೇ ಇಳಿಸಿಕೊಟ್ಟರು. ಅದಕ್ಕೆ ಅವರ ಸೊಸೆ ಚೆಂದ ಕಾಣಲೆಂದು ಗಂಧದ ಹಾರ ಹಾಕಿ ಮೊಳೆ ಹೊಡೆದಿದ್ದಳು. ಅದು ಬಿಚ್ಚಿ ಬರಲಿಲ್ಲ. ಕಲ್ಮೇಶ ಹಾರದ ಸಮೇತ ಫೋಟೋವನ್ನು ಎದೆಗವಚಿಕೊಂಡು ಬಜಾರಿನಲ್ಲಿ ಅರ್ಧ ಓಟ ಅರ್ಧ ನಡಿಗೆಯಲ್ಲಿ ಹೊರಟ. ಬೇಸಿಗೆಯ ಬಿಸಿಲಿಗೆ ಮುಖದ ಮೇಲೆಲ್ಲ ನೀರು ಇಳಿಯುತ್ತಿತ್ತು.

ಚಹಾದಂಗಡಿಯ ಮುಂದೆ ಕೂತಿದ್ದ ನಾಲ್ಕು ಜನ ಎದ್ದು ನಿಂತರು. ಒಬ್ಬ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಇನ್ನೊಬ್ಬ ಕೈಮುಗಿದು, "ಅಯ್ಯ ಶಿವನ, ನಿನ್ನೆ ಸಂಜೀಕ ನೋಡಿದ್ನಲ್ಲರಿ ಸಾವ್ಕಾರ್ನ," ಎಂದ.

"ಅವಸರ ಐತ್ರಿ, ಆಮ್ಯಾಲ ಮಾತಾಡೋಣು," ಎಂದು ಕಲ್ಮೇಶ ಮುಂದೆ ಓಡಿದ. ಅವನಿಗೆ ಇವರೇಕೆ ಎದ್ದರು ಎಂದು ಯೋಚಿಸಲೂ ಪುರಸೊತ್ತಿರಲಿಲ್ಲ. ಅವನ ಹಿಂದೆ ಸುದ್ದಿ ಅವನಿಗಿಂತ ಜೋರಾಗಿ ಓಡಿ ಮಾರ್ಕೆಟ್ ಯಾರ್ಡ್ ಮುಟ್ಟಿತು.

ಮೈಬೂಬ ಫೋಟೋ ನೋಡಿ ಮೊದಲು ಗಾಬರಿಯಾದ, ವಿಷಯ ತಿಳಿದ ಮೇಲೆ ಕೆಲಸಕ್ಕೆ ಕೂತ. "ಹಳೇ ಫೋಟೋದಾಗ ಇವರನ್ನ ತುರುಕಾಕ ಆಗೂದಿಲ್ರಿ ಸರ. ಆ ಫೋಟೋ ತಗದು, ಇವರದೊಂದ ಬ್ಯಾರೆ ಹಾಕೂದ ಚಲೋ," ಎಂದ. ಅಷ್ಟೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಹಳೆಯ ಫೋಟೋ ತೆಗೆಯುತ್ತಾರಂತೆ ಎಂಬುದು ಓಣಿಗೆ ಹೇಗೋ ಗೊತ್ತಾಯಿತು. ಹತ್ತು ಗಂಟೆಗೆ ಗುರವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಸೈಬರ್ ಬಾಗಿಲಿಗೆ ಬಂದಳು. ಹಿಂದೆ ಕಾಸಿಂಸಾಬ, ಕೊರಳಲ್ಲಿ ಟೇಪು.

"ನನ್ನ ತಗ್ಯಾಕತ್ತೀಯಂತಲ್ಲೋ ಮಾಸ್ತರ," ಎಂದಳು ಗುರವ್ವ. "ನಿನ್ನ ಹುಡುಗ್ರು ಹಸದಾಗ ರೊಟ್ಟಿ ಕೊಟ್ಟಾಕಿ ನಾನು."

"ಆಯಿ, ನಿಮ್ಮದೂ ಬ್ಯಾರೆ ಫೋಟೋ ಹಾಕ್ತೀವಿ, ಸಿಟ್ಟಾಗಬ್ಯಾಡ್ರಿ," ಎಂದ ಕಲ್ಮೇಶ.

"ಹಂಗಾದ್ರ ನಂದೂ ಹಾಕ್ರಿ," ಎಂದ ಕಾಸಿಂಸಾಬ. "ಮೊನ್ನೆ ಮಳ್ಯಾಗ ನಿಮ್ಮ ಫಳಿ ನನ್ನ ಅಂಗಡ್ಯಾಗ ಇಟ್ಟಿದ್ರಿ, ನೆನಪ ಐತಿಲ್ಲೋ?"

ಕಲ್ಮೇಶನಿಗೆ ನೆನಪಿತ್ತು. ಕರಿಹಲಗೆಯನ್ನು ಎರಡು ದಿನ ಅಂಗಡಿಯಲ್ಲಿ ಇಟ್ಟುಕೊಂಡವನಿಗೆ ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಇಲ್ಲ ಎನ್ನುವುದು ಅವನಿಗೆ ಯಾವತ್ತೂ ಬರುತ್ತಿರಲಿಲ್ಲ.

ಈಗ ಎದ್ದ ಪ್ರಶ್ನೆ ಯಾರು ಮೇಲೆ, ಯಾರು ಕೆಳಗೆ ಎಂಬುದು. ಇಂಥ ಸಮಸ್ಯೆಯನ್ನು ಮೈಬೂಬ ಲಗ್ನಪತ್ರಿಕೆಯಲ್ಲಿ ಸಾವಿರ ಸಲ ಬಿಡಿಸಿದ್ದ. ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಮೇಲೆ ಬಂದು ಲಗ್ನವೇ ಮುರಿಯುವ ಹಂತಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದ. ಆ ವಾರದ ಒಂದು ಲಗ್ನಪತ್ರಿಕೆ ಕಂಪ್ಯೂಟರಿನಲ್ಲಿ ತಯಾರಿತ್ತು. ಎರಡೂ ಕಡೆ ಬಾಳೆಕಂಬ, ಮೇಲೆ ಮಾವಿನ ತೋರಣ. ಮೈಬೂಬ ಮದುಮಕ್ಕಳ ಹೆಸರು ಅಳಿಸಿ ಆ ಜಾಗದಲ್ಲಿ ಕ್ಲಾಸಿನ ಹೆಸರು ಬರೆದ.

"ಹಿರ್ಯಾರು ಮ್ಯಾಲ ಬರ್ತಾರ. ವಯಸ್ಸಿನ ಪ್ರಕಾರ ಹಾಕೋಣ," ಎಂದ.

"ಹಂಗಾದ್ರ ನಾ ಮೊದ್ಲು," ಎಂದಳು ಗುರವ್ವ. "ಆ ಶ್ರೀಶೈಲ ನನ್ನ ಕಣ್ಣ ಮುಂದ ಚಡ್ಡಿ ಹಾಕ್ಕೊಂಡ ತಿರುಗ್ಯಾಡಿದಾಂವ."

"ಆಯಿ, ಖೋಲಿ ಕೀಲಿಕೈ ಅವರ ಹಂತ್ಯಾಕ ಐತಿ," ಎಂದು ಕಲ್ಮೇಶ ಕೈಮುಗಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಒಂದು ಗಂಟೆ ಕತ್ತಲೆಯಲ್ಲಿ ಕೂತು ಚರ್ಚೆ ನಡೆಯಿತು. ಕರೆಂಟು ಬರುವ ಹೊತ್ತಿಗೆ ಒಪ್ಪಂದವಾಗಿತ್ತು. ಅಚ್ಚು ತೆಗೆದರೆ ಮೂರು ಹಾಳೆಯಾಗುವಷ್ಟು ಉದ್ದದ ವೆಬ್‌ಸೈಟು. ಮೊದಲನೇ ಹಾಳೆಯ ತುಂಬ ಶ್ರೀಶೈಲಪ್ಪನವರು, ಅವರ ಮೀಸೆ ಸಮೇತ. ಅವರು ಮೈಬೂಬನಿಗೆ ಫೋನ್ ಮಾಡಿ ಹೆಸರಿನ ಕೆಳಗೆ 'ಸಂಸ್ಥಾಪಕರು ಹಾಗೂ ಅಧ್ಯಕ್ಷರು' ಎಂದು ಬರೆಸಿದರು. ಅವರ ಕಾಲಿನ ಹತ್ತಿರ, ಅದೇ ಹಾಳೆಯ ತುದಿಯಲ್ಲಿ, 'ಶುಭ ಹಾರೈಸುವವರು' ಎಂದು ಗುರವ್ವ ಮತ್ತು ಅವಳ ಖಾನಾವಳಿ. ಎರಡನೇ ಹಾಳೆಯಲ್ಲಿ ಕಾಸಿಂಸಾಬ ಉಪಾಧ್ಯಕ್ಷ. ಅಷ್ಟರೊಳಗೆ ಹಾಲಿನವನು, ಕ್ಲಾಸಿಗೆ ಗಡಿಯಾರ ಕೊಟ್ಟವನು, ಗಡಿಯಾರ ರಿಪೇರಿ ಮಾಡಿದವನು ಬಂದು ಅದೇ ಹಾಳೆಯಲ್ಲಿ ಒತ್ತಿಕೊಂಡು ಕೂತರು.

ಮೂರನೇ ಹಾಳೆಯ ತಳದಲ್ಲಿ, ಬಾಳೆಕಂಬದ ಬುಡಕ್ಕೆ, ಸಣ್ಣ ಅಕ್ಷರದಲ್ಲಿ 'ತಮ್ಮ ಆಗಮನ ಬಯಸುವ ಕಲ್ಮೇಶ' ಎಂದಿತ್ತು.

"ಮೈಬೂಬ, ಪಾಠ ಹೇಳಾಂವ ನಾನಲ್ಲೇನೋ?" ಎಂದ ಕಲ್ಮೇಶ, ಮೆತ್ತಗೆ.

"ಹೌದ್ರಿ. ಆದ್ರ ಕರ್ಯಾಂವನ ಹೆಸರು ಯಾವತ್ತೂ ಕೆಳಗ ಇರ್ತೈತ್ರಿ ಸರ."

"ತನ್ನ ಹೆಸರ ತಾನ ಮ್ಯಾಲ ಬರ್ಕೊಳ್ಳಾಂವ ಎಂಥಾಂವ," ಎಂದಳು ಗುರವ್ವ. ಕಾಸಿಂಸಾಬನೂ ತಲೆಯಾಡಿಸಿದ. ಹಿರಿಯರ ಹೆಸರಿನ ಮೇಲೆ ತನ್ನ ಹೆಸರು ಹಾಕಿಸುವುದು ಕಲ್ಮೇಶನಿಗೂ ಸರಿ ಕಾಣಲಿಲ್ಲ. ಇಂಡಿಯವರು ಹೇಗೂ ನಿನ್ನೆಯೇ ನೋಡಿಯಾಗಿದೆ, ಮೂರು ಹಾಳೆ ತೆಗೆಸಿದರೆ ಮೂರನೆಯದರಲ್ಲಿ ನಾನೂ ಇರುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡ. ಹನ್ನೆರಡೂ ಕಾಲಿಗೆ ಹೊಸ ವೆಬ್‌ಸೈಟು ಮೇಲೇರಿತು.

ಫೋಟೋ ಹೊತ್ತುಕೊಂಡು ಅವನು ಓಣಿಗೆ ತಿರುಗಿದಾಗ ಶ್ರೀಶೈಲಪ್ಪನವರ ಮನೆಯ ಮುಂದೆ ಜನ ಸೇರಿದ್ದರು. ಮಾರ್ಕೆಟ್ ಯಾರ್ಡಿನ ಹಮಾಲರು, ದಲಾಲರು, ತಂಗಡಗಿಯಿಂದ ತೊಗರಿ ತಂದಿದ್ದ ರೈತರು. ಎಲ್ಲರ ಕೈಯಲ್ಲೂ ಹೂವಿನ ಹಾರ. ಬಾಗಿಲು ತೆರೆದದ್ದು ಸ್ವತಃ ಶ್ರೀಶೈಲಪ್ಪನವರು. ಮೊದಲು ಬಂದವನು ಅವರನ್ನು ನೋಡಿ ಮೆಟ್ಟಿಲ ಮೇಲೇ ಕುಸಿದು ಕೂತನಂತೆ.

ಸತ್ತ ಸುದ್ದಿ ಕೇಳಿ ಅವರು ಮೊದಲು ಕೆಂಡವಾದರು. ಯಾರೋ ತಂದ ಹಾರ ಸುಮ್ಮನೆ ವಾಪಸು ಒಯ್ಯಬಾರದು ಎಂದು ಅವರ ಕೊರಳಿಗೇ ಹಾಕಿದಾಗ ತುಸು ತಣ್ಣಗಾದರು. ಐದನೇ ಹಾರದ ಹೊತ್ತಿಗೆ ಖುರ್ಚಿ ತರಿಸಿ ಕೂತರು. ತಾನು ಸತ್ತರೆ ಯಾರು ಯಾರು ಬರುತ್ತಾರೆ ಎಂಬುದು ಬದುಕಿರುವಾಗಲೇ ಗೊತ್ತಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಯಾರು ಬರಲಿಲ್ಲ ಎಂಬುದನ್ನೂ ಅವರು ಮನಸ್ಸಿನಲ್ಲಿ ಗುರುತು ಮಾಡಿಕೊಂಡರು.

"ನನ್ನ ಮಾರಿ ಬಂತೇನೋ?" ಎಂದು ಹಾರಗಳ ನಡುವಿನಿಂದ ಕೇಳಿದರು.

"ಮೊದಲನೇ ಹಾಳಿ ತುಂಬ ನೀವ ಅದೀರಿ ಸಾವ್ಕಾರ್ರ."

ಅವರು ಕೀಲಿಕೈ ತೆಗೆದುಕೊಟ್ಟರು. ಕಲ್ಮೇಶ ಕೋಣೆ ಗುಡಿಸಿದ, ಬೆಂಚು ಒರೆಸಿದ, ಹಲಗೆಯ ಮೇಲೆ ಚೆಂದದ ಅಕ್ಷರದಲ್ಲಿ ಸ್ವಾಗತ ಎಂದು ಬರೆದ. ಸುನಂದಾ ಒಂಬತ್ತು ಮಕ್ಕಳಿಗೆಂದು ಅವಲಕ್ಕಿ ಹಚ್ಚಿದಳು. ಮದುವೆಯಾದ ಆರು ವರ್ಷದಲ್ಲಿ ಗಂಡ ಇಷ್ಟು ಹುರುಪಿನಿಂದ ಕಸ ಹೊಡೆದದ್ದನ್ನು ಅವಳು ನೋಡಿರಲಿಲ್ಲ. ಅವನ ಹುರುಪು ಕಂಡು ಅವಳಿಗೂ ಜೀವ ಹಗುರಾಯಿತು.

ನಾಲ್ಕಕ್ಕೆ ಸರಿಯಾಗಿ ಧೂಳೆಬ್ಬಿಸುತ್ತ ಕ್ರೂಸರ್ ಗಾಡಿ ಬಂದು ಓಣಿಯ ಬಾಯಲ್ಲಿ ನಿಂತಿತು. ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಕಲ್ಮೇಶ ಎಣಿಸಿದ, ಒಂಬತ್ತು. ಆಮೇಲೆ ತಾಯಂದಿರು, ಕೊನೆಗೆ ಇಳಕಲ್ ಸೀರೆಯ ಒಬ್ಬ ಮುದುಕಿ, ಭೀಮಶ್ಯಾನ ತಾಯಿ. ಭೀಮಶ್ಯಾನ ಒಂದು ಕೈಯಲ್ಲಿ ಲಿಂಬೆಹಣ್ಣಿನ ಚೀಲ, ಇನ್ನೊಂದರಲ್ಲಿ ಒಂದು ಹಾಳೆ. ಒಂದೇ ಹಾಳೆ.

ಕಲ್ಮೇಶ ಕೈಮುಗಿದು ಮುಂದೆ ಹೋದ. ಭೀಮಶ್ಯಾ, "ತುಸು ಹಿಡೀಪಾ ತಮ್ಮಾ," ಎಂದು ಲಿಂಬೆಹಣ್ಣಿನ ಚೀಲವನ್ನು ಮುಗಿದ ಆ ಕೈಗೆ ದಾಟಿಸಿ, ಹಾಳೆಯನ್ನೊಮ್ಮೆ, ಎದುರಿನ ಕಟ್ಟೆಯನ್ನೊಮ್ಮೆ ನೋಡಿದ. ಕಟ್ಟೆಯ ಮೇಲೆ ಖುರ್ಚಿ, ಖುರ್ಚಿಯಲ್ಲಿ ಗುಲಾಬಿ ರುಮಾಲಿನ, ಬಿಳಿಮೀಸೆಯ ಶ್ರೀಶೈಲಪ್ಪನವರು, ಕೊರಳಲ್ಲಿ ಗಲ್ಲ ಮುಟ್ಟುವಷ್ಟು ಹಾರ, ಸುತ್ತ ಕೈಕಟ್ಟಿ ನಿಂತ ಜನ.

"ಯವ್ವಾ, ಇವರ ನೋಡು," ಎಂದ ಭೀಮಶ್ಯಾ. "ಊರಾಗ ಎಷ್ಟ ಮರ್ಯಾದಿ ಐತಿ ನೋಡು."

ಮುದುಕಿ ಹೋಗಿ ನಮಸ್ಕಾರ ಮಾಡಿದಳು. ಒಂಬತ್ತು ಮಕ್ಕಳೂ ಸಾಲಾಗಿ ಕಾಲಿಗೆ ಬಿದ್ದವು. ಬೆಳಗಿನಿಂದ ಹಾರ ಹಾಕಿಸಿಕೊಂಡು ರೂಢಿಯಾಗಿದ್ದ ಶ್ರೀಶೈಲಪ್ಪನವರು ಇದನ್ನೂ ಅದರ ಮುಂದಿನ ಭಾಗವೆಂದೇ ತಿಳಿದು ಎಲ್ಲರ ತಲೆ ಮುಟ್ಟಿದರು.

ಕಲ್ಮೇಶ ಚೀಲ ಹೊತ್ತುಕೊಂಡೇ ಬಂದ. "ಮಾಸ್ತರ ನಾನರಿ. ಕಲ್ಮೇಶ ಅಂತ. ನೀವು ಮುಂಜಾನಿ ಫೋನ ಮಾಡಿದ್ದು ನಮ್ಮನಿಗೇರಿ."

ಭೀಮಶ್ಯಾ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. "ನಿಮ್ಮ ಹೆಸರ ಇದರಾಗ ಇಲ್ಲಲ್ಲರಿ."

"ಮೂರನೇ ಹಾಳ್ಯಾಗ ಐತ್ರಿ. ನೀವು ಎಷ್ಟ ಹಾಳಿ ತಗಿಸಿದ್ರಿ?"

"ಮೊದ್ಲನೇದ ಬಂದಿತ್ತು, ಕರೆಂಟ್ ಹೋತು. ಮಾಸ್ತರ್ದು ಬಂದೈತಲ್ಲ, ಸಾಕು ಅಂತ ಹೊಂಟ ಬಂದ್ವಿ." ಭೀಮಶ್ಯಾನಿಗೆ ಅವನ ಮೇಲೆ ಕರುಣೆ ಬಂತು. "ಇರಲಿ ತಗೋರಿ. ಮೂರನೇ ಹಾಳ್ಯಾಗ ಇದ್ದವ್ರೂ ಬೇಕಲ್ಲ. ನೀವೂ ಇರ್ರಿ ಇವರ ಜೋಡಿ."

ಕಲ್ಮೇಶ ಶ್ರೀಶೈಲಪ್ಪನವರ ಕಡೆ ನೋಡಿದ, ಅವರು ಇಲ್ಲ ಎನ್ನಲಿ ಎಂದು. ಅವರ ಮುಖದಲ್ಲಿ ಅಂಥ ಲಕ್ಷಣ ಕಾಣಲಿಲ್ಲ. ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸುನಂದಾ ಹಿಂದಿನಿಂದ ಅಂಗಿ ಜಗ್ಗಿದಳು. "ಸುಮ್ನ ಇರ್ರಿ. ಈಗ ಅಲ್ಲ ಅಂದ್ರ ಪೂರಾ ಕ್ಲಾಸ ಸುಳ್ಳು ಅಂತ ಗಾಡಿ ತಿರುಗಿಸ್ತಾರ."

"ಅಜ್ಜಾರ, ಹುಡುಗ್ರಿಗೆ ಒಂದ ಲೆಕ್ಕ ಕೇಳ್ರಿ, ನೋಡೋಣು," ಎಂದಳು ಮುದುಕಿ.

ಶ್ರೀಶೈಲಪ್ಪನವರು ಹಾರ ಸರಿಮಾಡಿಕೊಂಡು ಎದುರಿಗಿದ್ದ ಹುಡುಗನನ್ನು ಕರೆದರು. "ಒಂದ ಚೀಲದಾಗ ಮುಕ್ಕಾಲ ಕ್ವಿಂಟಲ್ ತೊಗರಿ ಐತಿ. ಹದಿನಾರ ಚೀಲದಾಗ ಎಷ್ಟ ಆತು?"

ಹುಡುಗ ಕಣ್ಣು ಕಣ್ಣು ಬಿಟ್ಟ.

"ಹೆದರಬ್ಯಾಡ. ನಾಕ ಚೀಲ ಜೋಡಿ ಹೊರು. ನಾಕ ಚೀಲಕ್ಕ ಮೂರ ಕ್ವಿಂಟಲ್. ಹಿಂಗ ಎಷ್ಟ ಸಲ ಹೊರಬೇಕು?"

"ನಾಕ ಸಲರಿ."

"ಮೂರ ನಾಕಲೆ?"

"ಹನ್ನೆರಡ," ಎಂದ ಹುಡುಗ. ಅವನ ಮುಖ ಅರಳಿತು.

ಕಲ್ಮೇಶ ಚೀಲ ಕೆಳಗಿಳಿಸುವುದನ್ನೇ ಮರೆತ. ಮುಕ್ಕಾಲನ್ನು ಹೀಗೆ ಹೇಳಿಕೊಡಬಹುದೆಂದು ಬಿ.ಎಡ್.ನಲ್ಲಿ ಅವನಿಗೆ ಯಾರೂ ಕಲಿಸಿರಲಿಲ್ಲ. ಹೊಟ್ಟೆಕಿಚ್ಚು ಪಡಬೇಕೆಂದು ಹೊರಟರೂ ಅವನಿಗೆ ಒಳಗೊಳಗೇ ಸಂತೋಷವೇ ಆಯಿತು.

ಮುದುಕಿ ಮಗನ ಕಡೆ ನೋಡಿ ತಲೆದೂಗಿದಳು. ಭೀಮಶ್ಯಾ ತೀರ್ಪು ಕೊಟ್ಟ. "ಜೂನ್ ಒಂದಕ್ಕ ಮಕ್ಕಳನ್ನ ಕರ್ಕೊಂಡ ಬರ್ತೀವ್ರಿ. ಅವತ್ತ ಅಜ್ಜಾರು ಫಳಿ ಮ್ಯಾಲ ಬರದು ಒಂದ ಪಾಠ ಮಾಡ್ಲಿ. ನಮ್ಮ ಹೆಣ್ಮಕ್ಕಳು ಹಿಂದ ಕುಂತ ಕೇಳ್ತಾರ. ಅದ ಮುಗದ ಮ್ಯಾಲ ಒಂಬತ್ತೂ ಹೆಸರ ಹಚ್ಚಿ ಹೋಗ್ತೀವಿ."

"ಅದಕ್ಕೇನ, ಮಾಡೋಣಂತ," ಎಂದರು ಶ್ರೀಶೈಲಪ್ಪನವರು.

ಆಮೇಲಿನ ಕೆಲಸಗಳು ಚಕಚಕ ನಡೆದವು. ಮಕ್ಕಳು ಇಲ್ಲೇ ಇದ್ದು ಕಲಿಯಬೇಕಲ್ಲ, ಅವರ ಊಟ ಎಲ್ಲಿ ಎಂದು ಇಂಡಿಯವರು ಹಾಳೆಯ ತುದಿ ನೋಡಿ ಗುರವ್ವನ ಖಾನಾವಳಿಗೆ ಹೋಗಿ ಒಂಬತ್ತು ಜನರ ಮಾತು ಮುಗಿಸಿದರು. ಕಾಸಿಂಸಾಬ ತಾನು ಉಪಾಧ್ಯಕ್ಷನೆಂದು ಹೇಳಿಕೊಂಡು ಒಂಬತ್ತೂ ಮಕ್ಕಳ ಅಳತೆ ತೆಗೆದುಕೊಂಡ. ಸಂಜೆಯೊಳಗೆ ಗಡಿಯಾರ ರಿಪೇರಿಯವನು ತನಗೂ ಒಂದು ವೆಬ್‌ಸೈಟು ಬೇಕೆಂದು ಮೈಬೂಬನ ಅಂಗಡಿಗೆ ಹೋದ. ಅವಲಕ್ಕಿ ತಿಂದು, ಕೈ ಬೀಸಿ, ಇಂಡಿಯ ಗಾಡಿ ಹೊರಟುಹೋಯಿತು. ಕಲ್ಮೇಶನ ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಇದ್ದ ಆರು ಹೆಸರೇ ಸಂಜೆಗೂ ಇದ್ದವು.

ಅವನು ಲಿಂಬೆಹಣ್ಣಿನ ಚೀಲದ ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಶ್ರೀಶೈಲಪ್ಪನವರು. ರುಮಾಲಿಲ್ಲ, ಹಾರಗಳಿಲ್ಲ, ಕಂಕುಳಲ್ಲಿ ಮೊಮ್ಮಗನ ಪಾಟಿ, ಕೈಯಲ್ಲಿ ಬಳಪ. ಒಳಗೆ ಬಂದು ಬಾಗಿಲು ತಾವೇ ಮುಂದೆ ಮಾಡಿದರು.

"ಕಲ್ಮೇಶಾ, ಯಾರಿಗೂ ಹೇಳಬ್ಯಾಡ."

"ಏನ್ರಿ ಸಾವ್ಕಾರ್ರ?"

"ಬಾಯಿಲೆಕ್ಕ ನೀ ಏನ ಕೇಳು, ಹೇಳ್ತೇನಿ. ಹಾಳ್ಯಾಗ ಬರಿಯಾಕ ಬರೂದಿಲ್ಲ. ಒಂದರ ಮ್ಯಾಲ ಒಂದ ಅಂಕಿ ಇಟ್ಟು ನಡುವ ಗೆರಿ ಎಳೀತೀರಲ್ಲ, ಅದನ್ನ ಕಂಡ್ರ ಇವತ್ತಿಗೂ ನನಗ ಬೆವರ ಬಿಡ್ತೈತಿ. ಅದಕ್ಕ ಹೆದರಿ ಐದನೇತ್ತಕ್ಕ ಸಾಲಿ ಬಿಟ್ಟೆ." ಅವರ ಧ್ವನಿ ಸಣ್ಣದಾಯಿತು. "ಇನ್ನ ಹನ್ನೆರಡ ದಿನ ಐತಿ. ಅಷ್ಟು ಹೆಣ್ಮಕ್ಕಳ ಮುಂದ ಫಳಿ ಮ್ಯಾಲ ನಾ ಏನ ಬರೀಲಿ? ದಿನಾ ಮುಂಜಾನಿ ಆರಕ್ಕ ಬರ್ತೇನಿ. ನನಗ ಕಲಿಸಪ್ಪ."

ಕಲ್ಮೇಶ ಅವರ ಮುಖ ನೋಡಿದ. ಇವರು ಕಲಿತರೆ ಒಂಬತ್ತು ಮಕ್ಕಳು ಬರುತ್ತವೆ, ತಾನು ಇಲ್ಲೇ ಉಳಿಯುತ್ತೇನೆ. ಕಲಿಯದಿದ್ದರೆ ಬಾಗೇವಾಡಿ. ಎಲ್ಲವೂ ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಆದರೂ ಆ ಎತ್ತರದ ಆಳು ಸಣ್ಣ ಹುಡುಗನಂತೆ ಪಾಟಿ ಎದೆಗವಚಿಕೊಂಡು ನಿಂತದ್ದನ್ನು ಕಂಡೊಡನೆ ಅವನಿಗೆ ಬಾಗೇವಾಡಿ ಮರೆತುಹೋಯಿತು. ಚಾಪೆ ಹಾಸಿ ಅವರನ್ನು ಕೂಡಿಸಿ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದ. ನಾಲ್ಕು ಹೋಳು ಮಾಡಿ, ಮೂರನ್ನು ಅವರ ಮುಂದೆ ಇಟ್ಟು, ಪಾಟಿಯ ಮೇಲೆ ನಡುವೆ ಒಂದು ಗೆರೆ ಎಳೆದ. ಶ್ರೀಶೈಲಪ್ಪನವರು ಬಗ್ಗಿ ನೋಡಿದರು.

ಫೋನು ಹೊಡೆದುಕೊಂಡಿತು. ಸುನಂದಾ ಎತ್ತಿ ಮಾತಾಡಿ, ಫೋನಿನ ಬಾಯಿಯ ಮೇಲೆ ಕೈಯಿಟ್ಟು ಇತ್ತ ತಿರುಗಿದಳು.

"ಅಪ್ಪ ಮಾತಾಡಾಕತ್ತಾರ್ರಿ. ವೆಬ್‌ಸೈಟ್ ನೋಡಿ ಯಾರರ ಹೊಸಬ್ರು ಬಂದ್ರೇನು ಅಂತ ಕೇಳಾಕತ್ತಾರ."

"ಒಬ್ಬರು ಬಂದಾರ ಅಂತ ಹೇಳು," ಎಂದ ಕಲ್ಮೇಶ.

ಅವಳು ಹೇಳಿದಳು. ಅತ್ತಲಿಂದ ಮತ್ತೇನೋ ಕೇಳಿದರು.

"ಹುಡುಗ ಎಷ್ಟನೇತ್ತ ಅಂತ ಕೇಳಾಕತ್ತಾರ್ರಿ."

ಕಲ್ಮೇಶ ಒಮ್ಮೆ ಶ್ರೀಶೈಲಪ್ಪನವರ ಬಿಳಿ ಮೀಸೆ ನೋಡಿದ. ಅವರು ನಾಲಗೆಯ ತುದಿ ಹೊರಗೆ ಹಾಕಿ, ಬಳಪ ಒತ್ತಿ, ಗೆರೆಯ ಮೇಲೆ ಮೂರು ಬರೆಯುತ್ತಿದ್ದರು.

"ಐದನೇತ್ತ," ಎಂದ.